ಅಪ್ಪ ನೀರಿಗಿಳಿದ ಬೇಸಿಗೆ

ಬೇಸಿಗೆ ರಜೆಯ ಕಡೆಯ ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ಬೈಯಬೇಡ. ಬೈಯಲೇಬೇಕು ಅನ್ನಿಸಿದರೆ ಮೊದಲು ಇಡೀ ಕಾಗದ ಓದಿ ಮುಗಿಸು, ಆಮೇಲೆ ಒಟ್ಟಿಗೇ ಬೈ. ನಿನ್ನ ಕಾಗದ ಬಂದಾಗ ಬೇಸಿಗೆ ಆಗಷ್ಟೇ ಶುರುವಾಗಿತ್ತು. ಈಗ ನೋಡಿದರೆ ಮುಗಿಯುತ್ತಾ ಬಂತು. ನಡುವೆ ಒಮ್ಮೆ ಬರೆಯಲು ಕುಳಿತಿದ್ದೆ, ದೇವರಾಣೆ. ಅರ್ಧ ಪುಟ ಬರೆದು ಹೊಲಿಗೆ ಮೇಜಿನ ಮೇಲಿಟ್ಟು ಒಲೆ ನೋಡಲು ಹೋದೆ. ತಿರುಗಿ ಬಂದವಳು ಅದೇ ಹಾಳೆಯ ಹಿಂದೆ ಕಾಲರಿನ ಆಕಾರ ಬರೆದು ಕತ್ತರಿಸಿಬಿಟ್ಟೆ. ನಿನಗೆ ಬರೆದ ಕ್ಷಮಾಪಣೆ ಈಗ ಯಾವುದೋ ಶಾಲೆಯ ಹುಡುಗರ ಕುತ್ತಿಗೆಯ ಅಳತೆಯಾಗಿ ನನ್ನ ಡಬ್ಬಿಯಲ್ಲಿ ಬಿದ್ದಿದೆ.

ನಿನಗೆ ಗೊತ್ತಲ್ಲ, ಊರಿನವರಿಗೆಲ್ಲ ರಜೆ ಬಂದರೆ ನನಗೆ ಕೆಲಸ ಬರುತ್ತದೆ. ಮನೆಯೆಲ್ಲ ಸಮವಸ್ತ್ರದ ರಾಶಿ. ಮಂಚದ ಮೇಲೆ ನೀಲಿ ಚಡ್ಡಿ, ಕುರ್ಚಿಯ ಮೇಲೆ ಬಿಳಿ ಅಂಗಿ, ಬಾಗಿಲ ಹಿಂದೆ ಲಂಗ. ನಿನ್ನ ಭಾವ... ಅಯ್ಯೋ, ನಿನಗೆ ಮೈದುನ, ನನಗೆ ಗಂಡ, ಆ ಬಸ್ ಡ್ರೈವರ್ ಮಹಾಶಯ, ಕೆಲಸ ಮುಗಿಸಿ ಬಂದು ಕೂರಲು ಜಾಗ ಹುಡುಕುತ್ತಾ, "ಇಡೀ ದಿನ ಸೀಟಲ್ಲೇ ಕೂತು ಬಂದ್ರೂ ಮನೇಲಿ ನನಗೊಂದು ಸೀಟಿಲ್ಲ" ಎಂದು ಗೊಣಗುತ್ತಾರೆ. ನಾನು, "ನಿಂತ್ಕೊಂಡು ಪ್ರಯಾಣ ಮಾಡೋರ ಕಷ್ಟ ಈಗಲಾದರೂ ಗೊತ್ತಾಗ್ಲಿ" ಎನ್ನುತ್ತೇನೆ. ಹೀಗೆ ಎಲ್ಲರೂ ಚೆನ್ನಾಗಿದ್ದೇವೆ.

ಅಪ್ಪನೂ ಚೆನ್ನಾಗಿದ್ದಾರೆ. ಎಷ್ಟು ಚೆನ್ನಾಗಿದ್ದಾರೆ ಎಂದು ಹೇಳುವುದಕ್ಕೇ ಈ ಕಾಗದ. ನಿಂತು ಓದುತ್ತಿದ್ದರೆ ದಯವಿಟ್ಟು ಕೂತುಕೋ. ಅಪ್ಪ ಈಜು ಕಲಿತರು.

ನಗಬೇಡ, ಇನ್ನೂ ಇದೆ. ಜೀವಮಾನವೆಲ್ಲ ಗಡಿಯಾರ ರಿಪೇರಿ ಮಾಡಿದ ಮನುಷ್ಯ. ಅವರ ಪಾಲಿಗೆ ನೀರು ಅಂದರೆ ಗಡಿಯಾರದೊಳಗೆ ನುಗ್ಗಿ ಮುಳ್ಳಿಗೆ ತುಕ್ಕು ಹಿಡಿಸುವ ಶತ್ರು. ಕುಡಿಯುವ ನೀರಿನ ಲೋಟವನ್ನೂ ಮೇಜಿನಿಂದ ಒಂದು ಮಾರು ದೂರ ಇಡಿಸುತ್ತಿದ್ದರಲ್ಲ. ಎಪ್ಪತ್ತು ದಾಟಿದ ಮೇಲೆ ಆ ಶತ್ರುವಿನ ಹೊಟ್ಟೆಯೊಳಗೇ ಇಳಿದುಬಿಟ್ಟರು.

ಆಗಿದ್ದಿಷ್ಟು. ನಮ್ಮ ಗುಬ್ಬಿಯನ್ನು ರಜೆಯಲ್ಲಿ ಈಜು ತರಗತಿಗೆ ಸೇರಿಸಿದೆ. ಮನೆಯಲ್ಲಿದ್ದರೆ ಗುಂಡಿಯ ಡಬ್ಬಿಗಳನ್ನೆಲ್ಲ ಒಂದಕ್ಕೊಂದು ಬೆರೆಸಿ ಅಂಗಡಿ ಆಟ ಆಡುತ್ತಾಳೆ, ಅದಕ್ಕೆ. ಮೊಮ್ಮಗಳನ್ನು ಕರೆದುಕೊಂಡು ಹೋಗಿ ಬರುವ ಕೆಲಸ ಅಪ್ಪನದು. ಮೊದಲ ದಿನ ಇವಳು ಕೊಳದ ಅಂಚಿನ ಕಂಬಿಯನ್ನು ತಬ್ಬಿಕೊಂಡು ನಿಂತವಳು ಜಪ್ಪಯ್ಯ ಅಂದರೂ ಬಿಡಲಿಲ್ಲವಂತೆ. ಎರಡನೆಯ ದಿನವೂ ಅದೇ ಕಂಬಿ. ಕಲಿಸುವವಳು ಒಬ್ಬಳು ಚಿಕ್ಕ ಹುಡುಗಿ, ಕೊರಳಲ್ಲಿ ಸೀಟಿ. ಮಕ್ಕಳೆಲ್ಲ ಅವಳನ್ನು ಸೀಟಿ ಮೇಡಂ ಎನ್ನುತ್ತಾರೆ. ಅವಳೂ ರಮಿಸಿ, ಗದರಿಸಿ ಸೋತಳು. ಆಗ ಅಪ್ಪ ಬೆಂಚಿನಿಂದಲೇ, "ಹೆದರೋಕೆ ಏನಿದೆ ಗುಬ್ಬಿ ಅದರಲ್ಲಿ? ಬರೀ ನೀರು" ಎಂದರು.

"ಹಾಗಾದ್ರೆ ನೀನು ಇಳಿ" ಎಂದಳು ಗುಬ್ಬಿ.

"ನಾನು ಚಡ್ಡಿ ತಂದಿಲ್ಲ."

"ನಾಳೆ ತಗೊಂಡು ಬಾ."

ಅಷ್ಟೇ. ಮನೆಗೆ ಬಂದವರೇ ನನ್ನ ಹೊಲಿಗೆ ಯಂತ್ರದ ಮುಂದೆ ಕೈಕಟ್ಟಿ ನಿಂತರು. "ನನಗೊಂದು ಈಜೋ ಚಡ್ಡಿ ಹೊಲಿದುಕೊಡು" ಎಂದರು. ನಾನು ಬಿಸಿಲು ತಲೆಗೇರಿದೆ ಎಂದುಕೊಂಡು ನಿಂಬೆ ಶರಬತ್ತು ಮಾಡಿಕೊಟ್ಟೆ. ಗಟಗಟ ಕುಡಿದು ಲೋಟ ಕೆಳಗಿಟ್ಟು, "ಸೊಂಟಕ್ಕೆ ಎಲಾಸ್ಟಿಕ್ ಬೇಡ, ಲಾಡಿ ಇರಲಿ. ಮತ್ತೆ ಎರಡು ಜೇಬು" ಎಂದರು.

"ನೀರೊಳಗೆ ಜೇಬು ಯಾಕಪ್ಪ?"

"ಜೇಬಿಲ್ಲದ ಚಡ್ಡಿ ಹಾಕ್ಕೊಂಡು ನಾಲ್ಕು ಜನರ ಮುಂದೆ ಹೇಗೆ ಓಡಾಡೋದು?"

ಕೈಯಲ್ಲಿದ್ದದ್ದು ಶಾಲೆಯ ನೀಲಿ ಬಟ್ಟೆ. ಅದರಲ್ಲೇ ಹೊಲಿದೆ, ಎರಡು ಜೇಬಿಟ್ಟು. ಮರುದಿನ ಕೆಲಸ ಬದಿಗಿಟ್ಟು ನಾನೂ ನೋಡಲು ಹೋದೆ. ಅಕ್ಕ, ಯಾವುದೋ ದೊಡ್ಡ ಕಚೇರಿಯೊಳಗೆ ಕಾಲಿಡುವವರ ಹಾಗೆ ಗಂಟಲು ಸರಿಪಡಿಸಿಕೊಂಡು ಮೆಟ್ಟಿಲಿಳಿದರು. ನೀರು ಸೊಂಟಕ್ಕೆ ಬಂತು. ಎರಡೂ ಜೇಬಿಗೆ ಗಾಳಿ ತುಂಬಿ ಚಡ್ಡಿ ಬಲೂನಿನ ಹಾಗೆ ಉಬ್ಬಿ ಮೇಲಕ್ಕೆದ್ದಿತು. ಅಪ್ಪ ಒಂದನ್ನು ಅದುಮಿದರೆ ಇನ್ನೊಂದು ಏಳುತ್ತದೆ, ಅದನ್ನು ಅದುಮಿದರೆ ಇದು. ಮಕ್ಕಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಾ ನಗುತ್ತಾ ನಮ್ಮ ಗುಬ್ಬಿಯ ಕೈ ಕಂಬಿಯನ್ನು ಯಾವಾಗ ಬಿಟ್ಟಿತೋ, ಅವಳು ತಾತನ ಜೇಬು ಒತ್ತಲು ಯಾವಾಗ ನೀರಿಗೆ ಇಳಿದಳೋ, ಅವಳಿಗೇ ಗೊತ್ತಾಗಲಿಲ್ಲ.

ಕೆಲಸ ಆಯಿತಲ್ಲ, ಇನ್ನು ಅಪ್ಪ ಮೇಲೆ ಬರುತ್ತಾರೆ ಎಂದುಕೊಂಡೆ. ಎಲ್ಲಿಯ ಮಾತು! ಹುಚ್ಚು ಹಿಡಿಯಿತು. ದಿನಾ ತಪ್ಪದೆ ಹೋದರು. ಸಣ್ಣ ಮಕ್ಕಳ ಸಾಲಿನಲ್ಲಿ ಅಂಚು ಹಿಡಿದು ಮಲಗಿ ಕಾಲು ಬಡಿಯುವುದು. ಸೀಟಿ ಮೇಡಂ ಪೀಂ ಎಂದು ಊದಿ, "ತಾತ, ಮಂಡಿ ಬಗ್ಗಿಸ್ಬೇಡಿ! ಸೈಕಲ್ ತುಳೀತಿಲ್ಲ ನೀವು!" ಎನ್ನುವುದು. ಇವರು ಬಾಯಿ ತುಂಬಾ ನೀರಿಟ್ಟುಕೊಂಡು, "ಆಯ್ತು ಮೇಡಂ" ಎನ್ನುವುದು.

ಅಭ್ಯಾಸ ಮನೆಯಲ್ಲೂ ನಡೆಯಿತು. ಇಸ್ತ್ರಿ ಮೇಜಿನ ಮೇಲೆ ಬೋರಲು ಮಲಗಿ ಕಾಲು ಒದೆಯುತ್ತಾ ಅಂಗಿಗಳ ರಾಶಿಯನ್ನೇ ಕೆಡವಿದರು. ಒಂದು ಸಂಜೆ ಬಚ್ಚಲಿನಲ್ಲಿ ಬಕೆಟ್‌ಗೆ ಮುಖ ಅದ್ದಿ ಉಸಿರು ಬಿಡುವುದನ್ನು ಕಲಿಯುತ್ತಿದ್ದರು. ಅದೇ ಹೊತ್ತಿಗೆ ನನ್ನ ಗಂಡ ಕೆಲಸ ಮುಗಿಸಿ ಕೈಕಾಲು ತೊಳೆಯಲು ಒಳಗೆ ಹೋದರು. ಮಾವ ಬಕೆಟ್‌ಗೆ ತಲೆ ಹಾಕಿ ಬಿದ್ದಿದ್ದಾರೆ! ಇವರು ಕಿಟಾರನೆ ಕಿರುಚಿ, ಎರಡೂ ಕಂಕುಳಿಗೆ ಕೈ ಹಾಕಿ, ಅಪ್ಪನನ್ನು ದರದರ ಎಳೆದುಕೊಂಡು ನಡುಮನೆಗೆ ತಂದು ಮಲಗಿಸಿ ಎದೆ ಒತ್ತತೊಡಗಿದರು. ಅಪ್ಪ ಮುಖದ ನೀರು ಒರೆಸಿಕೊಂಡು, "ಅಳಿಯಂದಿರೇ, ಇಷ್ಟು ಹೊತ್ತು ಉಸಿರು ಹಿಡಿದಿದ್ದು ಇವತ್ತೇ ಮೊದಲು. ಕೆಡಿಸಿಬಿಟ್ರಲ್ಲ!" ಎಂದರು. ನನ್ನ ಗಂಡ ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟರು. ಅವರನ್ನು ಸುಧಾರಿಸಲು ನಾನು ಮತ್ತೆ ಶರಬತ್ತು ಮಾಡಬೇಕಾಯಿತು.

ಆಮೇಲೆ ಅವರು ಮುಖ ಊದಿಸಿಕೊಂಡರು. ಬಸ್ಸಿನಲ್ಲಿ ಜನ ಆಡಿಕೊಳ್ಳುತ್ತಾರಂತೆ. "ಡ್ರೈವರ್ ಸಾಹೇಬ್ರೇ, ನಿಮ್ಮ ಮಾವ ಗಾಳಿಚೀಲ ಕಟ್ಕೊಂಡು ಮಕ್ಕಳ ಜೊತೆ ಆಡ್ತಾರಂತೆ" ಎಂದು ಯಾರೋ ಕೇಳಿದರಂತೆ. "ಈ ವಯಸ್ಸಲ್ಲಿ ಬಿದ್ದು ಸೊಂಟ ಮುರ್ಕೊಂಡ್ರೆ ಯಾರು ನೋಡೋರು? ನೀನಾದ್ರೂ ಹೇಳು" ಎಂದು ನನ್ನ ಮೇಲೆ ಹಾರಾಡಿದರು. ನಾನು ಹೇಳಿದೆ. ಅಪ್ಪ ಕೇಳಿಸಿಕೊಂಡು, ಗುಬ್ಬಿಯ ಕಡೆ ನೋಡಿ, "ಏನ್ ಮಾಡೋಣ ಗುಬ್ಬಿ?" ಎಂದರು. ಗುಬ್ಬಿ, "ನಾಳೆ ತೇಲೋದು ಹೇಳ್ಕೊಡ್ತಾರೆ ತಾತ, ತಪ್ಪಿಸ್ಕೊಳ್ಳೋಕಾಗಲ್ಲ" ಎಂದಳು. ತೀರ್ಪು ಆಯಿತು. ಇಬ್ಬರೂ ಟವೆಲ್ ಮಡಚಲು ಎದ್ದು ಹೋದರು.

ತರಗತಿಯ ಕೊನೆಯ ದಿನ ಕೊಳದ ಈ ದಡದಿಂದ ಆ ದಡಕ್ಕೆ ಅಡ್ಡಲಾಗಿ ಈಜುವ ಸ್ಪರ್ಧೆ. ಹೊಸದಾಗಿ ಕಲಿತವರ ಗುಂಪಿನಲ್ಲಿ ಎಲ್ಲರೂ ಹಾಲುಹಲ್ಲು ಬಿದ್ದ ಮಕ್ಕಳು, ಅವರ ನಡುವೆ ಕಟ್ಟಿಸಿದ ಹಲ್ಲಿನ ನಮ್ಮಪ್ಪ. ನನ್ನ ಗಂಡ ಬರುವುದಿಲ್ಲ ಎಂದು ಪಟ್ಟು ಹಿಡಿದಿದ್ದವರು ಟೋಪಿ ಮುಖದ ಮೇಲೆಳೆದುಕೊಂಡು ಹಿಂದಿನ ಸಾಲಿನಲ್ಲಿ ಬಂದು ಕೂತಿದ್ದರು.

ಸೀಟಿ ಕೂಗಿತು. ಮಕ್ಕಳು ಕಪ್ಪೆಗಳ ಹಾಗೆ ಹೊರಟರು. ಅಪ್ಪನೂ ಹೊರಟರು, ಚೆನ್ನಾಗಿಯೇ ಹೊರಟರು. ಅರ್ಧ ದಾರಿಗೆ ಬರುವಷ್ಟರಲ್ಲಿ ಒಂದು ಕೈ ಮಾತ್ರ ಬೀಸುತ್ತಿದೆ, ಇನ್ನೊಂದು ಕಾಣಿಸುತ್ತಿಲ್ಲ. ಪಾರ್ಶ್ವವಾಯುವೇ ಬಡಿಯಿತು ಎಂದುಕೊಂಡೆ. ಆಮೇಲೆ ನೋಡಿದರೆ, ಲಾಡಿ ಬಿಚ್ಚಿಕೊಂಡಿದೆ! ಒಂದು ಕೈಯಲ್ಲಿ ಮಾನ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಈಜುತ್ತಿದ್ದಾರೆ. ಹೊಲಿದವಳು ನಾನು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಗುಬ್ಬಿ ಮುಂದೆ ಇದ್ದಳು. ಇನ್ನೇನು ದಡ ಮುಟ್ಟಬೇಕು, ತಿರುಗಿ ನೋಡಿದಳು. ಅಪ್ಪ ಮುಳುಗೇಳುತ್ತಾ ಕಾಲು ಕೆಳಗಿಡಲು ನೋಡುತ್ತಿದ್ದರು. ನೀರು ಎದೆಯುದ್ದವೂ ಇರಲಿಲ್ಲ, ನಿಂತುಬಿಟ್ಟರೆ ಮುಗಿಯಿತು. ಆದರೆ ನಿಂತರೆ ಸೋತ ಹಾಗೆ. ಇವಳು ತಿರುಗಿ ಬಂದಳು ಅಕ್ಕ! "ಕಾಲು ಇಡಬೇಡ ತಾತ! ಮಂಡಿ ಬಗ್ಗಿಸ್ಬೇಡ! ಉಸಿರು ಬಿಡು!" ಎಂದು ಬೈಯುತ್ತಾ ಅವರ ಪಕ್ಕದಲ್ಲೇ ಈಜಿದಳು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಬಸ್ಸಿನ ಹಾರನ್ ಹಾಗೆ ಒಂದು ದನಿ: "ಬಿಡ್ಬೇಡಿ ಮಾವ! ಬಂತು, ಬಂತು! ಇನ್ನೊಂದೇ ಸ್ಟಾಪ್!" ನನ್ನ ಗಂಡ ಬೆಂಚಿನ ಮೇಲೆ ನಿಂತಿದ್ದರು. ಟೋಪಿ ಎಲ್ಲೋ ಹಾರಿಹೋಗಿತ್ತು.

ಅಜ್ಜ ಮೊಮ್ಮಗಳು ಒಟ್ಟಿಗೆ ದಡ ಮುಟ್ಟಿದರು, ಎಲ್ಲರಿಗಿಂತ ಕೊನೆಗೆ. ಆ ಗದ್ದಲಕ್ಕೆ ಗೆದ್ದ ಮಗು ತನ್ನನ್ನು ಯಾರೂ ನೋಡಲಿಲ್ಲವೆಂದು ಅಳತೊಡಗಿತು. ಅಪ್ಪ ಮಾತ್ರ ಮೇಲೆ ಬರಲೊಲ್ಲರು. ಸೀಟಿ ಮೇಡಂ ಟವೆಲ್ ತಂದು ನೀರಿಗೇ ಇಳಿಸಿಕೊಟ್ಟ ಮೇಲೆ ಬಂದರು. ಎಲ್ಲ ಮಕ್ಕಳಿಗೂ ಕೊಟ್ಟ ಹಾಗೆ ಅವರಿಗೂ ಒಂದು ಪ್ರಮಾಣಪತ್ರ ಕೊಟ್ಟರು. ಅಚ್ಚು ಹಾಕಿಸಿದ್ದು ಮಕ್ಕಳಿಗಾಗಿ ತಾನೇ, "ಈ ಬಾಲಕನು ಶಿಸ್ತಿನಿಂದ ಕಲಿತು ಉತ್ತಮ ಪ್ರಗತಿ ತೋರಿದ್ದಾನೆ" ಎಂದಿದೆ. ಈ ಬಾಲಕನು ಅದಕ್ಕೆ ಕಟ್ಟು ಹಾಕಿಸಿ ತನ್ನ ಮಂಚದ ಎದುರಿಗೆ ತೂಗುಹಾಕಿಕೊಂಡಿದ್ದಾನೆ.

ಈಗ ಕೊಳದ ನೀರು ಖಾಲಿ ಮಾಡಿದ್ದಾರೆ. ನಿನ್ನೆ ತಾತ ಮೊಮ್ಮಗಳು ಅತ್ತ ನಡೆದುಹೋಗಿ ಬೇಲಿಯಾಚೆಯಿಂದ ನೋಡಿ ಬಂದರಂತೆ. ಬಿಸಿಲಿಗೆ ಮೊದಲಿನ ಚುರುಕಿಲ್ಲ. ನಾಳೆ ಶಾಲೆ. ಮಂಚದ ಮೇಲಿನ ಚಡ್ಡಿಗಳು, ಕುರ್ಚಿಯ ಅಂಗಿಗಳು ಎಲ್ಲ ಅವರವರ ಮನೆಗೆ ಹೋದವು. ಈ ಮನೆ ಇಷ್ಟು ದೊಡ್ಡದಿತ್ತೇ ಅನ್ನಿಸುತ್ತಿದೆ. ಕೂರಲು ಬೇಕಾದಷ್ಟು ಜಾಗವಿದೆ, ಆದರೆ ನನ್ನ ಗಂಡ ಅಭ್ಯಾಸಬಲದಿಂದ ನಿಂತೇ ಟೀ ಕುಡಿಯುತ್ತಿದ್ದಾರೆ. ಅಪ್ಪ ಮಲಗಿದ್ದಾರೆ, ನಿದ್ದೆಯಲ್ಲೂ ಒಂದು ಕಾಲು ಆಡುತ್ತಿದೆ. ಗುಬ್ಬಿ ಹೊಸ ಪುಸ್ತಕಗಳಿಗೆ ರಟ್ಟು ಹಾಕುತ್ತಾ, ಶಾಲೆಯಲ್ಲಿ ತಾತನ ಸುದ್ದಿಯನ್ನು ಎಲ್ಲಿಂದ ಶುರುಮಾಡಬೇಕು ಎಂದು ತನ್ನ ಅಪ್ಪನನ್ನು ಕೇಳುತ್ತಿದ್ದಾಳೆ. "ಲಾಡಿಯಿಂದ ಮಾತ್ರ ಬೇಡ" ಎನ್ನುತ್ತಿದ್ದಾರೆ ಇವರು.

ನಿನಗೂ ಭಾವನಿಗೂ ಆರೋಗ್ಯ ಚೆನ್ನಾಗಿರಲಿ. ಆಸ್ಪತ್ರೆಯ ಪಾಳಿ ಮುಗಿಸಿ ಬಂದವಳು ಕಾಲು ಚಾಚಿ ಕೂತು ಓದಿಕೋ, ನಗು ಬಂದರೆ ತಡೆಯಬೇಡ. ನಿನ್ನ ಮಕ್ಕಳಿಗೆ ಚಿಕ್ಕಮ್ಮನ ಮುತ್ತು. ದೊಡ್ಡವರಾಗಿದ್ದಾರೆ, ಬೇಡವೆಂದರೂ ಕೊಡು.

ಇತಿ ನಿನ್ನ,
ತಂಗಿ

ಮರೆತಿದ್ದು: ಮರೆತಿಲ್ಲ ಅಕ್ಕ, ಮೇಲೆ ಬರೆಯಲು ಆಗಲಿಲ್ಲ. ಅವರಿಬ್ಬರೂ ದಡ ಮುಟ್ಟಿದಾಗ ನಾನು ಅಲ್ಲಿರಲಿಲ್ಲ. ಗುಬ್ಬಿ ತಿರುಗಿ ಬಂದಳಲ್ಲ, ಅವಳನ್ನು ಕಂಡ ಕೂಡಲೇ ಅಪ್ಪನ ಮುಖದಲ್ಲಿ ಒಂದು ನಗು ಬಂತು. ಅಂಥ ನಗು ಆ ಮುಖದಲ್ಲಿ ನಾನು ಹಿಂದೆಂದೂ ನೋಡಿರಲಿಲ್ಲ. ಎದ್ದು ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಅತ್ತೆ. ಉಳಿದದ್ದನ್ನು ಗುಬ್ಬಿಯ ಬಾಯಿಂದ ಕೇಳಿ ಬರೆದಿದ್ದೇನೆ. ನೆಲ ಒರೆಸುತ್ತಿದ್ದ ಹೆಂಗಸು, "ಖುಷಿಗೆ ಅಳ್ತಿದೀರಾ?" ಎಂದಳು. ಹೌದು ಎಂದೆ. ಖುಷಿ ಅಲ್ಲ, ಹೊಟ್ಟೆಕಿಚ್ಚು. ಹೆತ್ತ ಮಗಳ ಮೇಲೆ.

ನಾನು ಸೈಕಲ್ ಕಲಿತ ದಿನ ಅಪ್ಪನ ಗಡಿಯಾರದ ಅಂಗಡಿಯ ಮುಂದೆ ಸುತ್ತು ಹೊಡೆದಿದ್ದೆ. "ಅಪ್ಪಾ ನೋಡು, ಅಪ್ಪಾ ನೋಡು" ಎಂದು ಕೂಗುತ್ತಲೇ ಇದ್ದೆ. ಗಡಿಯಾರದೊಳಗೆ ನೋಡುವ ಆ ಭೂತಗಾಜನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ತಲೆ ಎತ್ತದೆ, "ನೋಡ್ತಾ ಇದೀನಿ, ನೋಡ್ತಾ ಇದೀನಿ" ಎನ್ನುತ್ತಿದ್ದರು. ನನ್ನ ಇಡೀ ಬಾಲ್ಯದಲ್ಲಿ ಅಪ್ಪ ಎಂದರೆ ಆ ಬಗ್ಗಿದ ನೆತ್ತಿ. ಈ ಬಾಲಕ ಆಗ ಎಲ್ಲಿದ್ದ?

ನೀನು ನನಗಿಂತ ತುಂಬಾ ದೊಡ್ಡವಳು. ನೀನು ಚಿಕ್ಕವಳಿದ್ದಾಗ ಅಂಗಡಿ ಇನ್ನೂ ಇರಲಿಲ್ಲವಂತೆ. ನಿನ್ನ ಜೊತೆ ಅವರು ಹೀಗೆ ಆಡಿದ್ದರಾ? ಇಲ್ಲ ಎಂದಾದರೆ ಬೇಗ ಬರೆ. ಹೌದು ಎಂದಾದರೂ, ಇಲ್ಲ ಎಂದೇ ಬರೆ.