ಮುಳುಗಿದವಳನ್ನು ಎತ್ತಿದ ಕೈ

ಕಾರವಾರ, ಫೆಬ್ರವರಿ 30, 2191

ನಮಗಿಂತ ಹಿಂದೆ ಬಾಳುತ್ತಿರುವವರಿಗೆ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ಕ್ಯಾಲೆಂಡರಿನಲ್ಲಿ ಈ ದಿನವೂ ಉಂಟು. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸಮುದ್ರ ಈಗ ನಮ್ಮ ಪೇಟೆಯವರೆಗೆ ಬಂದಿದೆ. ಮಕ್ಕಳೆಲ್ಲ ನಡೆಯಲು ಕಲಿತ ಹಾಗೆಯೇ ಈಜಲೂ ಕಲಿಯಬೇಕು. ಕಲಿಸುವವಳು ನನ್ನ ಅಕ್ಕ ಸುಗಂಧಾ. ನಮ್ಮಲ್ಲಿ 'ಬೆನ್ನುಮಾತು' ಎಂಬುದೊಂದಿದೆ. ಒಬ್ಬರ ಮೇಲೆ ಯಾರಾದರೂ ದೂರು ಹಾಕಿದರೆ, ಆ ಮನುಷ್ಯ ಎಲ್ಲಿಗೇ ಹೋಗಲಿ, ಎದುರಿದ್ದವರ ಕಿವಿಯಲ್ಲಿ ಅದು ತಾನಾಗಿ ಕೇಳಿಸುತ್ತದೆ. ಬರೀ ಕೆಟ್ಟದ್ದೆಂದು ಹೇಳಲಾರೆ. ಹೆಣ್ಣುಮಕ್ಕಳನ್ನು ಕಾಡುತ್ತಿದ್ದ ಮೇಷ್ಟ್ರೊಬ್ಬ ಸಿಕ್ಕಿಬಿದ್ದದ್ದು ಅದರಿಂದಲೇ.

ಮಳೆಗಾಲ ಮುಗಿದ ಹೊಸತರಲ್ಲಿ ದೀಕ್ಷಾ ಎಂಬ ಪುಟ್ಟ ಹುಡುಗಿ ಈಜುಕೊಳದಲ್ಲಿ ಮುಳುಗತೊಡಗಿದಳು. ಅಕ್ಕ ಹಾರಿ ಅವಳನ್ನು ಮೇಲೆತ್ತಿದಳು. ಆದರೆ ದಡದಲ್ಲಿದ್ದ ಯಾರೋ ತೆಗೆದ ಚಿತ್ರದಲ್ಲಿ ಕಂಡದ್ದು ಮಗುವಿನ ಕುತ್ತಿಗೆಯ ಮೇಲೆ ಅಕ್ಕನ ಕೈ ಮಾತ್ರ. ತಾಯಿ ಮಂದಾಕಿನಿ ಅದನ್ನು ನೋಡಿದವಳೇ, "ನನ್ನ ಮಗಳನ್ನು ನೀರಲ್ಲಿ ಅದುಮಿದಳು" ಎಂದು ದೂರು ಹಾಕಿದಳು.

ಸಂಜೆಯೊಳಗೆ ಮೀನು ಮಾರುವವಳು ಅಕ್ಕನನ್ನು ಕಂಡು ಮುಖ ತಿರುಗಿಸಿದಳು. ದೋಣಿಯಲ್ಲಿ ಪಕ್ಕ ಕೂತವಳು ತನ್ನ ಕೂಸನ್ನೆತ್ತಿಕೊಂಡು ಎದ್ದುಹೋದಳು. ಅಕ್ಕ ಮನೆಯಿಂದ ಹೊರಬೀಳುವುದನ್ನೇ ಬಿಟ್ಟಳು.

ನೀರು ಕುಡಿದು ಜ್ವರ ಬಂದು ಮಲಗಿದ್ದ ದೀಕ್ಷಾ, ಜ್ವರ ಇಳಿದ ಮೇಲೆ ಅಕ್ಕನೇ ತನ್ನನ್ನು ಎತ್ತಿದ್ದೆಂದು ಹೇಳಿದಳು. ಮಂದಾಕಿನಿ ದೂರನ್ನು ಹಿಂದಕ್ಕೆ ಪಡೆದಳು. ಆದರೆ ಬೆನ್ನುಮಾತು ಮೊದಲು ಹೇಳುವುದು ದೂರನ್ನೇ, ಹಿಂಪಡೆದದ್ದನ್ನು ಆಮೇಲೆ. ತಿದ್ದುಪಡಿ ಕೇಳುವವರೆಗೆ ಯಾರೂ ನಿಲ್ಲುವುದಿಲ್ಲ.

ಹೀಗೇ ತಿಂಗಳುಗಳು ಕಳೆದು, ನಿನ್ನೆ ಮಂದಾಕಿನಿ ನಮ್ಮ ಮನೆಗೆ ಬಂದು ಅಳುತ್ತ ನಿಂತಳು.

"ನಾನು ಹಾಗೆ ಮಾಡಿದೆ ಅಂತ ನೀನು ನಂಬಿದ್ಯಾ?" ಅಕ್ಕ ಕೇಳಿದಳು.

"ನಂಬಿದ್ದೆ ಸುಗಂಧಕ್ಕ. ತಲೆ ಕೆಟ್ಟುಹೋಗಿತ್ತು."

"ಮಗುವಿನ ವಿಷಯ, ಯಾರಿಗಾದ್ರೂ ಕೆಡ್ತದೆ. ಆದ್ರೆ ಮಂದಾ, ನಾನು ಪಕ್ಕದ ಓಣಿಯಲ್ಲೇ ಇದ್ದೆನಲ್ಲ. ಒಂದ್ಸಲ ಬಂದು ಕೇಳಬಹುದಿತ್ತು."

ಮಂದಾಕಿನಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೋಗುವಾಗ, "ನಾಳೆ ದೀಕ್ಷಾಳನ್ನ ಈಜಲಿಕ್ಕೆ ಕೊಳಕ್ಕೆ ಕರ್ಕೊಂಡು ಬರ್ತೇನೆ" ಎಂದಳು.

ಬೆನ್ನುಮಾತಿನ ಬೀಜ ನಿಮ್ಮ ಫೋನುಗಳಲ್ಲಿತ್ತೆಂದು ಓದಿದ್ದೇನೆ. ದೂರು ಹೇಳಲೇಬೇಡಿ ಎನ್ನುವುದಿಲ್ಲ, ಹೇಳಲೇಬೇಕಾದದ್ದು ಎಷ್ಟೋ ಇರುತ್ತದೆ. ಕೇಳಲು ಆಗುವ ಕಡೆ ಮೊದಲು ಕೇಳಿ. ಯಾರಾದರೂ ತಿದ್ದಿಕೊಂಡರೆ ಅದನ್ನೂ ಪೂರ್ತಿ ಕೇಳಿಸಿಕೊಂಡು ಹೋಗಿ.

ಅಕ್ಕ ಇವತ್ತು ಕೊಳದ ಬಾಗಿಲು ತೆರೆದು ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಾಳೆ. ಕಿಟಕಿಯಿಂದ ನನಗೆ ರಸ್ತೆ ಕಾಣುತ್ತದೆ. ಅಗೋ, ಮಂದಾಕಿನಿ ಮಗಳ ಕೈ ಹಿಡಿದು ಬರುತ್ತಿದ್ದಾಳೆ. ಅವರ ಹಿಂದೆ ಬೇರೆ ಮಕ್ಕಳು ಇನ್ನೂ ಯಾರೂ ಕಾಣುತ್ತಿಲ್ಲ. ಇಷ್ಟಕ್ಕೇ ನಿಲ್ಲಿಸುತ್ತೇನೆ, ನಾನು ಅಕ್ಕನ ಪಕ್ಕ ಹೋಗಿ ಕೂರಬೇಕು.

ಸುಗಂಧಾಳ ತಂಗಿ,
ಶೇವಂತಿ