ಹಾರ ತೆಗಿ

ರೆಸಿಡೆಂಟ್ ಡಾಕ್ಟರರ ಹಾಸ್ಟೆಲ್,
ನವೆಂಬರ್ ೧೪

ಪ್ರೀತಿಯ ಅಣ್ಣ,

ನಿನ್ನ ಮೊಂಡಿ ಬದುಕಿದ್ದಾಳೆ, ಹೊತ್ತಿಗೆ ಸರಿಯಾಗಿ ಅಲ್ಲದಿದ್ದರೂ ಊಟ ಮಾಡುತ್ತಿದ್ದಾಳೆ ಎಂದು ಅಮ್ಮನಿಗೆ ಹೇಳು. ನಿನ್ನ ಫೋನುಗಳನ್ನು ಎತ್ತಲಿಲ್ಲ, ಮೆಸೇಜಿಗೆಲ್ಲ 'ಬಿಜಿ' ಎಂದಷ್ಟೇ ಹಾಕಿದೆ, ಬೇಜಾರು ಮಾಡಿಕೊಳ್ಳಬೇಡ. ಈ ಕಾಲದಲ್ಲಿ ಯಾರು ಕಾಗದ ಬರೆಯುತ್ತಾರೆ ಎಂದು ಅತ್ತಿಗೆ ನಗುತ್ತಾರೇನೋ. ಆದರೆ ಫೋನಿನಲ್ಲಾದರೆ ನಾನು ಒಂದು ಹೇಳುವಷ್ಟರಲ್ಲಿ ನೀನು ಹತ್ತು ಹೇಳುತ್ತೀಯ. ಕಾಗದ ಓದುವಾಗ ನಡುವೆ ಬಾಯಿ ಹಾಕಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಪುಟ್ಟಿಯ ಮುಂದಿನ ಹಲ್ಲು ಬಿತ್ತಂತೆ. ಬೊಚ್ಚುಬಾಯಿಯ ಫೋಟೊ ಕಳಿಸು. ಇಲ್ಲಿ ನಗುವುದಕ್ಕೆ ಏನೂ ಸಿಗುತ್ತಿಲ್ಲ.

ನಮ್ಮ ಸರ್ಜರಿ ಯೂನಿಟ್ ನೀನು ಬಿಟ್ಟುಹೋದ ಹಾಗೇ ಇದೆ. ಅದೇ ಉದ್ದನೆಯ ವಾರ್ಡು, ಕಿರುಗುಟ್ಟುವ ಅದೇ ಟ್ರಾಲಿ, ಅದೇ ದೊಡ್ಡ ಸರ್. ರೌಂಡ್ಸಿನಲ್ಲಿ ಉತ್ತರ ತಪ್ಪಿದವರಿಗೆ ಅವರು ಇವತ್ತಿಗೂ "ಹಾರ ತೆಗಿ" ಅನ್ನುತ್ತಾರೆ. ತಪ್ಪಿದವರು ಕುತ್ತಿಗೆಯ ಸ್ಟೆತಸ್ಕೋಪ್ ಕಳಚಿ ರೋಗಿಯ ಕಾಲ ಬಳಿ ಇಟ್ಟು, ಕೈ ಹಿಂದೆ ಕಟ್ಟಿಕೊಂಡು ಉಳಿದ ರೌಂಡ್ಸ್ ಮುಗಿಸಬೇಕು. ನೀನು ರಜೆಗೆ ಬಂದಾಗ ಇದನ್ನು ಅಭಿನಯಿಸಿ ತೋರಿಸುತ್ತಿದ್ದೆ, ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಈಗ ನನ್ನ ಹಾರವೂ ಬೇಕಾದಷ್ಟು ಸಲ ಇಳಿದಿದೆ. ನನ್ನದು ದಪ್ಪ ಚರ್ಮ, ನಿನಗೆ ಗೊತ್ತೇ ಇದೆ.

ಗುಬ್ಬಿಯದು ಹಾಗಲ್ಲ. ನನ್ನ ರೂಮಿನ ಹುಡುಗಿ, ಮೊದಲನೇ ವರ್ಷದ ಪಿ.ಜಿ. ಮೆಲ್ಲಗೆ ಮಾತಾಡುತ್ತಾಳೆ, ಕಾಳು ಹೆಕ್ಕಿದ ಹಾಗೆ ಚೂರುಚೂರೇ ತಿನ್ನುತ್ತಾಳೆ, ಅದಕ್ಕೇ ಆ ಹೆಸರು. ಅವಳಷ್ಟು ಎಚ್ಚರದಿಂದ ರೋಗಿಗಳನ್ನು ನೋಡಿಕೊಳ್ಳುವವರನ್ನು ನಾನು ಇನ್ನೂ ಕಂಡಿಲ್ಲ. ಅವಳ ಪಾಲಿಗೆ ಬಂದಿದ್ದ ರೋಗಿಗಳಲ್ಲಿ ಒಬ್ಬರು ಟೈಲರಮ್ಮ. ಕರುಳಿನ ಒಂದು ತುಂಡು ತೆಗೆದು ಜೋಡಿಸಿದ್ದೆವು. ಆ ಜೋಡಣೆ ಬಿಟ್ಟುಕೊಂಡರೆ ಮೊದಲು ಏನು ಕಾಣುತ್ತದೆ ಎಂದು ದೊಡ್ಡ ಸರ್ ಕೇಳಿದರು. ಗುಬ್ಬಿ ತಡವರಿಸಿದಳು. ಟೈಲರಮ್ಮನ ಮಂಚದ ಮುಂದೆಯೇ ಹಾರ ಇಳಿಯಿತು. "ಇವಳ ಕೈಗೆ ನಿಮ್ಮನ್ನ ಕೊಟ್ಟಿದ್ದೀನಲ್ಲಮ್ಮ, ನಿಮ್ಮ ಅದೃಷ್ಟ," ಎಂದು ಸರ್ ನಕ್ಕರು. ಸುತ್ತ ನಿಂತವರೂ ನಕ್ಕರು.

ಮಧ್ಯಾಹ್ನ ಗುಬ್ಬಿ ಡ್ರೆಸಿಂಗ್ ಮಾಡಲು ಹೋದರೆ ಟೈಲರಮ್ಮ ಹೊದಿಕೆ ಬಿಗಿಯಾಗಿ ಹಿಡಿದುಕೊಂಡರು. "ಬೇರೆ ಯಾರನ್ನಾದ್ರೂ ಕಳ್ಸಮ್ಮ. ನಿಂಗಿನ್ನೂ ಬರಲ್ವಂತಲ್ಲ." ಆಕೆಯ ಮಾತಿನಲ್ಲಿ ಕುಹಕವಿರಲಿಲ್ಲ, ಹೆದರಿಕೆ ಇತ್ತು. ಡ್ರೆಸಿಂಗ್ ನಾನು ಮಾಡಿದೆ.

ಅದಾದ ಮೂರನೆಯ ದಿನ ಬೆಳಿಗ್ಗೆ ಟೈಲರಮ್ಮನ ನಾಡಿ ಜೋರಾಗಿ ಓಡುತ್ತಿತ್ತು, ಹೊಟ್ಟೆ ಸ್ವಲ್ಪ ಬಿಗಿ ಅನ್ನಿಸಿತ್ತು. ಗುಬ್ಬಿಗೆ ಅದು ಗೊತ್ತಾಗಿತ್ತು ಅಣ್ಣ. ನಾನು ಅವತ್ತು ಆಪರೇಷನ್ ಥಿಯೇಟರಿನಲ್ಲಿದ್ದೆ. ರೌಂಡ್ಸಿನಲ್ಲಿ ಸರ್ ಅವಸರದಲ್ಲಿ "ಹೇಗಿದ್ದಾರೆ?" ಎಂದರು. "ಚೆನ್ನಾಗಿದ್ದಾರೆ ಸರ್," ಅಂದಳಂತೆ. ಎಲ್ಲರೂ ಮುಂದಿನ ಮಂಚಕ್ಕೆ ಹೋದರು. ಸಂಜೆಯ ಹೊತ್ತಿಗೆ ಬಿ.ಪಿ. ಕುಸಿದು, ಹೊಟ್ಟೆ ಮತ್ತೆ ತೆರೆಯಬೇಕಾಯಿತು. ಒಳಗೆಲ್ಲ ಕೀವು. ಸುಳ್ಳೇಕೆ ಹೇಳಲಿ, ದೊಡ್ಡ ಸರ್ ಊಟ ನಿದ್ದೆ ಬಿಟ್ಟು ಆಕೆಯ ಹಾಸಿಗೆಯ ಪಕ್ಕದಲ್ಲೇ ಇದ್ದರು. ಆದರೂ ಟೈಲರಮ್ಮ ಉಳಿಯಲಿಲ್ಲ.

"ಯಾಕೆ ಹೇಳಲಿಲ್ಲ? ಬಾಯಿ ಸತ್ತು ಹೋಗಿತ್ತಾ?" ಎಂದು ಅವರು ಕಾರಿಡಾರಿನಲ್ಲಿ ಕೂಗಿದರು. ಟೈಲರಮ್ಮನ ಮಗ ಅಲ್ಲೇ ನಿಂತಿದ್ದ. ಗುಬ್ಬಿ ಹೇಳಿದ್ದು ಇಷ್ಟೇ: "ತಪ್ಪಿದ್ರೆ ಮತ್ತೆ ಅವರ ಮುಂದೇನೇ ಹಾರ ತೆಗೀಬೇಕಾಗುತ್ತಲ್ಲ ಅಂತ ಸುಮ್ನಾದೆ ಸರ್."

ಮಾರನೆಯ ದಿನ ಅವಳಮ್ಮ ಬಂದು ಬಟ್ಟೆಬರೆ ಕಟ್ಟಿದರು. "ನನ್ನ ಮಗಳು ಓದಿನಲ್ಲಿ ಹಿಂದಿದ್ಲೇನಮ್ಮ?" ಎಂದು ನನ್ನನ್ನು ಕೇಳಿದರು. ಇಲ್ಲ ಆಂಟಿ ಅಂದೆ. ನಂಬಿದ ಹಾಗೆ ಕಾಣಲಿಲ್ಲ. ಗುಬ್ಬಿ ಆಟೊ ಹತ್ತುವಾಗ, "ಅದೊಂದು ಪದ್ಧತಿ ನಿಂತ್ರೆ ವಾಪಸ್ ಬರ್ತೀನಿ ಅಕ್ಕ. ಇಲ್ದಿದ್ರೆ ಆ ವಾರ್ಡಿಗೆ ಕಾಲಿಡಕ್ಕೆ ನನ್ನ ಕೈಲಾಗಲ್ಲ," ಅಂದಳು.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ದೂರು ಕೊಟ್ಟವಳು ನಾನು. ಈಗ ನೀನು ಕುರ್ಚಿಯಿಂದ ಎದ್ದಿರುತ್ತೀಯ, ಕೂತ್ಕೋ. ನಿನಗೆ ಮೊದಲೇ ಹೇಳಿದ್ದರೆ ಕೊಡಲು ಬಿಡುತ್ತಿರಲಿಲ್ಲ.

ಡೀನ್ ಕೋಣೆಗೆ ಹತ್ತುವ ಮೆಟ್ಟಿಲ ಪಕ್ಕದಲ್ಲಿ ಒಂದು ಚೌಕಟ್ಟು ತೂಗುಹಾಕಿದ್ದಾರೆ. ಕಲಿಯುವವರನ್ನು ರೋಗಿಗಳೆದುರು ಅವಮಾನಿಸಬಾರದು, ಪರಸ್ಪರ ಗೌರವವಿರಬೇಕು ಎಂದೆಲ್ಲ ಅದರಲ್ಲಿದೆ. ಅದರ ಗಾಜನ್ನು ಮಾತ್ರ ದಿನಾ ಒರೆಸುತ್ತಾರೆ. ವಿಚಾರಣೆಗೆ ಕೂತಿದ್ದ ಫಿಸಿಯಾಲಜಿ ಮೇಡಂ ಒಳ್ಳೆಯವರು. ನನ್ನ ಹೆಸರು ಹೊರಗೆ ಹೋಗದು ಎಂದು ಮಾತು ಕೊಟ್ಟರು, ಉಳಿಸಿಕೊಂಡರು. ಆದರೆ ವಾರ್ಡಿನಲ್ಲಿ ಅವತ್ತು ನಕ್ಕವರಿಗೆಲ್ಲ ಏನೂ ನೆನಪಿರಲಿಲ್ಲ. ಸರ್ ಕೈಕೆಳಗೆ ಕಲಿತು ದೊಡ್ಡವರಾದ ಹಳಬರನ್ನು ವಿಚಾರಿಸಿದರು. ಅವರ ಮಾತಿಗೇ ತೂಕ ಬಂತು. 'ಮಾತಿನಲ್ಲಿ ಸಂಯಮವಿರಲಿ' ಎಂದು ಸರ್‌ಗೆ ಒಂದು ಸಲಹೆ ಕೊಟ್ಟು ಮುಗಿಸಿದರು. ನಿನ್ನೆ ಹೊಸಬನೊಬ್ಬನ ಹಾರ ಇಳಿಯಿತು. ಗುಬ್ಬಿಗೆ ಫೋನ್ ಮಾಡಿ ಹೇಳಿದೆ. ಹೂಂ ಅಂದಳು. ಅವಳು ಇನ್ನು ಬರುವುದಿಲ್ಲ. ನನಗೆ ಸಿಟ್ಟಿಗಿಂತ ಸುಸ್ತೇ ಹೆಚ್ಚಾಗಿದೆ ಅಣ್ಣ.

ನಾನು ಕೋರ್ಸ್ ಬಿಡುವುದಿಲ್ಲ. ಬೇರೆ ಯೂನಿಟ್ ಕೇಳಿದ್ದೇನೆ. ಅಪ್ಪನ ಬಿ.ಪಿ. ಮಾತ್ರೆ ತಪ್ಪದಂತೆ ನೋಡಿಕೋ. ಅತ್ತಿಗೆಗೆ ನಮಸ್ಕಾರ. ಪುಟ್ಟಿಗೆ ಅತ್ತೆಯ ಆಶೀರ್ವಾದ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಲು ಹೆದರದವಳಾಗಿ ಬೆಳೆಯಲಿ.

ಇಂತಿ,
ನಿನ್ನ ಮೊಂಡಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ವಿಚಾರಣೆಯ ದಿನ ನನ್ನನ್ನು ಪಕ್ಕದ ಕೋಣೆಯಲ್ಲಿ ಕೂರಿಸಿದ್ದರು. ನಡುವಿನ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಮೇಜಿನ ಮೇಲಿನ ಫೋನನ್ನು ಸ್ಪೀಕರಿಗೆ ಹಾಕಿದ್ದರು. ಆ ಕಡೆಯವರು ಗಂಟಲು ಸರಿ ಮಾಡಿಕೊಂಡಾಗಲೇ ನನಗೆ ಗೊತ್ತಾಯಿತು. "ಉಳಿ ಪೆಟ್ಟು ಬೀಳದೆ ಕಲ್ಲು ವಿಗ್ರಹ ಆಗಲ್ಲ ಮೇಡಂ. ಯಾರೋ ಕೈಲಾಗದವರು ಕೊಟ್ಟಿರೋ ದೂರು. ಅಂಥವರು ಈ ಕೆಲ್ಸಕ್ಕೇ ಬರಬಾರದಿತ್ತು," ಅಂದೆ ನೀನು. ಕೊಟ್ಟವಳು ನಾನು ಎಂದು ನಿನಗೆ ಗೊತ್ತಿರಲಿಲ್ಲ, ಅದನ್ನು ನಾನು ಸಹಿಸಿಕೊಂಡೇನು. ಫೋನ್ ಇಡುವ ಮುಂಚೆ ಮೇಡಂ, ನಿಮಗೆ ಏನಾದರೂ ಕೇಳುವುದಿದೆಯೇ ಎಂದರು. "ಸರ್ ಹೇಗಿದ್ದಾರೆ? ಮನಸ್ಸಿಗೆ ತುಂಬಾ ಹಚ್ಕೊಂಡಿಲ್ಲ ತಾನೇ?" ಎಂದು ನೀನು ಕೇಳಿದೆ. ಆ ಹುಡುಗಿ ಹೇಗಿದ್ದಾಳೆ ಎಂದು ನೀನು ಕೇಳಲಿಲ್ಲ ಅಣ್ಣ. ಕೇಳುತ್ತೀಯೇನೋ ಎಂದು ನಾನು ಬಾಗಿಲ ಹತ್ತಿರ ಎದ್ದು ಬಂದು ನಿಂತಿದ್ದೆ.