ಎಡ ಅಂಚಿನ ಗೀರು

ಅಪ್ಪ, ನೀನಿದ್ದಿದ್ದರೆ "ಹೋಗ್ಲಿ ಬಿಡು" ಅನ್ನುತ್ತಿದ್ದೆ. ನಾನು ಬಿಡಲಿಲ್ಲ.

ನೀನು ತೆಗೆದ ಹೈಜಂಪ್ ಹುಡುಗಿಯ ಫೋಟೊವನ್ನು ಕೇಳದೆ ಹಾಕಿಕೊಂಡಿದ್ದ ವೆಬ್‌ಸೈಟಿನ ಆಫೀಸಿಗೇ ಇವತ್ತು ಹೋದೆ. "ನೆಟ್ಟಲ್ಲಿ ಸಿಕ್ತು ಮೇಡಂ, ಯಾರ ಹೆಸರೂ ಇರ್ಲಿಲ್ಲ" ಎಂದ ಸಂಪಾದಕ. ನಿನ್ನ ನೆಗೆಟಿವ್‌ಗಳನ್ನು ಅವನ ಮೇಜಿನ ಮೇಲೆ ಹರಡಿದೆ. "ಎಡ ಅಂಚಲ್ಲಿ ಕೂದಲೆಳೆಯಷ್ಟು ಗೀರು ಕಾಣ್ತಿದ್ಯಲ್ಲ, ಅದು ನಮ್ಮಪ್ಪನ ಕ್ಯಾಮೆರಾದ್ದು. ಎಲ್ಲದರಲ್ಲೂ ಇದೆ, ನೀವು ಹಾಕಿರೋದ್ರಲ್ಲೂ ಇದೆ."

"ಫೋಟೊನೇ ಅಳಿಸಿಬಿಡ್ತೀವಿ" ಎಂದ.

"ಅಳಿಸ್ಬೇಡಿ. ನಮ್ಮಪ್ಪನ ಹೆಸರು ಹಾಕಿ" ಎಂದೆ. ಹಾಕುವವರೆಗೂ ಕುರ್ಚಿ ಬಿಟ್ಟು ಏಳಲಿಲ್ಲ.

ಹಿಂದೆ ನಿನ್ನ ಫೋಟೊ ಪ್ರದರ್ಶನಕ್ಕೆ ನಾನೇ ಕಂಪ್ಯೂಟರಿನಲ್ಲಿ ಆ ಗೀರುಗಳನ್ನೆಲ್ಲ ಅಳಿಸಿ ಕೊಟ್ಟಿದ್ದೆ. "ಚೆನ್ನಾಗಿದೆ ಕಣೇ" ಎಂದವನು ಮತ್ತೆ ಆ ಫೋಟೊಗಳ ಕಡೆ ನೋಡಿರಲಿಲ್ಲ.

ಈಗ ಗೀರಿನ ಪಕ್ಕದಲ್ಲೇ ನಿನ್ನ ಹೆಸರಿದೆ. ಆ ಗೀರನ್ನು ಇನ್ನು ಯಾರು ಮುಟ್ಟುತ್ತಾರೋ ನೋಡೇಬಿಡುತ್ತೇನೆ.